ಅವ್ವನ ಕನಸಿಗಾಗಿ ಮೂಗು ಹಿಡಿದ ಕಥೆ

ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಕಳಿಸುವವನಿಗೆ ಒಂದು ಕನಸನ್ನು ಹೊತ್ತಿಗೆ ಸರಿಯಾಗಿ ಕರೆಸಿಕೊಳ್ಳುವುದು ಯಾವ ಮಹಾ ಕೆಲಸ ಎಂದು ನಾನು ಅಂದುಕೊಂಡಿದ್ದೆ. ಆಗ ನಾನು ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಕೆ.ಆರ್. ಪೇಟೆಗೆ ಹೋಗುವುದು, ನಾಗಮಂಗಲದಿಂದ ಬರುವುದು, ಶ್ರೀರಂಗಪಟ್ಟಣದ ಹತ್ತಿರ ಕೆಟ್ಟು ನಿಂತಿರುವುದು, ಎಲ್ಲದರ ಜಾತಕವೂ ನನ್ನ ಕೈಯಲ್ಲಿತ್ತು. ಮೈಕಿನ ಮುಂದೆ ಕೂತು "ಪ್ರಯಾಣಿಕರ ಗಮನಕ್ಕೆ" ಎಂದರೆ ಸಾಕು, ಇಡೀ ಸ್ಟ್ಯಾಂಡು ನನ್ನ ಕಡೆ ಕಿವಿಗೊಡುತ್ತಿತ್ತು. ಮನೆಯಲ್ಲಿ ಮಾತ್ರ ಯಾರೂ ಕೊಡುತ್ತಿರಲಿಲ್ಲ.

ಯಾರೂ ಎಂದರೆ ತಪ್ಪಾಗುತ್ತದೆ. ನಮ್ಮವ್ವ ಕೊಡುತ್ತಿದ್ದಳು. ಸಂಜೆ ಡ್ಯೂಟಿ ಮುಗಿಸಿ ಬಂದು, ಸ್ಟ್ಯಾಂಡಿನ ಮುಂದಿನ ಬಿಸಿ ಬೋಂಡದ ಪೊಟ್ಟಣವನ್ನು ಅವಳ ಕೈಗಿಟ್ಟು ಮಂಚದ ತುದಿಯಲ್ಲಿ ಕೂರುತ್ತಿದ್ದೆ. ಅವಳು ಬೋಂಡ ಮುರಿಯುತ್ತಾ, "ಎಲ್ಲಾ ಬಸ್ಸೂ ಹೋದ್ವೇನ್ಲಾ ಮಗ?" ಎಂದು ಕೇಳುತ್ತಿದ್ದಳು. ಹೊಲದಿಂದ ದನವೆಲ್ಲ ಕೊಟ್ಟಿಗೆಗೆ ಬಂದವೇ ಎಂದು ಕೇಳುವ ಧಾಟಿಯಲ್ಲೇ ಕೇಳುತ್ತಿದ್ದಳು. ನಾನು ಯಾವ ಬಸ್ಸು ತಡವಾಯಿತು, ಯಾವ ಡ್ರೈವರ್ ಜಗಳವಾಡಿದ ಎಂದೆಲ್ಲ ವರದಿ ಒಪ್ಪಿಸುತ್ತಿದ್ದೆ. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವ್ವ ತೀರಿಕೊಂಡಳು. ಆಮೇಲೆ ನನ್ನ ಬಸ್ಸುಗಳು ಹೋದವೋ ಬಿಟ್ಟವೋ ಕೇಳುವವರಿಲ್ಲವಾಯಿತು.

ಅವಳಿಗೆ ಮೊದಲ ಎಡೆ ಇಡುವ ಮಾರ್ಲಮಿ ಹಬ್ಬ ಹತ್ತಿರ ಬಂದಾಗ ನನ್ನ ಕಷ್ಟ ಶುರುವಾಯಿತು. ಪಿತೃಪಕ್ಷದಲ್ಲಿ ಹಿರಿಯರಿಗೆ ಅವರಿಗಿಷ್ಟವಾದದ್ದನ್ನೆಲ್ಲ ಬಾಳೆ ಎಲೆಯ ಮೇಲೆ ಬಡಿಸಿ, ಹೊಸ ಬಟ್ಟೆ ಇಟ್ಟು, ಸಾಂಬ್ರಾಣಿ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರುವುದು ನಮ್ಮ ಕಡೆಯ ಪದ್ಧತಿ. ಅವರು ಬಂದು ಉಂಡು ಹೋಗುತ್ತಾರೆ. ಇನ್ನೊಂದು ವಿಷಯವಿದೆ. ಹಬ್ಬಕ್ಕೆ ಮೊದಲೇ ಅವರು ಮನೆಯವರ ಕನಸಿಗೆ ಬಂದು, ನನಗೆ ಇಂಥದ್ದು ಬೇಕು ಎಂದು ಕೇಳುತ್ತಾರೆ. ಕೇಳಿದ್ದನ್ನು ಇಡಲೇಬೇಕು. ಯಾರ ಕನಸಿಗೆ ಬಂದರು ಎಂಬುದು ನೆಂಟರ ನಡುವೆ ಸಣ್ಣ ಮರ್ಯಾದೆಯ ಪ್ರಶ್ನೆಯೂ ಹೌದು.

ಮೊದಲು ಬಂದವಳು ಶೀಳನೆರೆಗೆ ಕೊಟ್ಟ ನಮ್ಮಕ್ಕ. ಬಸ್ಸಿಳಿದವಳೇ ಕಂಟ್ರೋಲರ್ ಕಿಟಕಿಗೆ ಮುಖವಿಟ್ಟು, "ಲೇ ತಮ್ಮ, ಅವ್ವ ಬಂದಿದ್ಲು ಕಣ್ಲಾ ಕನಸ್ನಾಗೆ! ಹಸ್ರು ಸೀರೆ ಬೇಕಂತೆ. ಅಂಚು ಕೆಂಪ್ಗಿರ್ಬೇಕಂತೆ" ಎಂದಳು. ಹೊಣಕೆರೆಯಲ್ಲಿದ್ದ ಚಿಕ್ಕವ್ವ, ಅಂದರೆ ಅವ್ವನ ಒಡಹುಟ್ಟಿದ ತಂಗಿ, ಕಂಡಕ್ಟರ್ ಹತ್ತಿರ ಹೇಳಿ ಕಳಿಸಿದಳು: "ಅಕ್ಕ ಬಂದಿದ್ಲು. ಕಜ್ಜಾಯ ಕೇಳಿದ್ಲು. ಬೆಲ್ಲ ಮುಂದಾಗಿರ್ಬೇಕಂತೆ." ನನ್ನ ಹೆಂಡತಿ ಸಾವಿತ್ರಿಯ ಕನಸಿಗೆ ಬಂದು ಎಲೆ ಅಡಿಕೆ, ಹೊಗೆಸೊಪ್ಪು ಕೇಳಿದ್ದಳು. ನಮಗೆ ಹಾಲು ಹಾಕುವವಳ ಕನಸಿಗೂ ಬಂದು ಕಾಫಿ ಕುಡಿದು ಹೋಗಿದ್ದಳು!

ಎಲ್ಲಕ್ಕಿಂತ ದೊಡ್ಡ ಪೆಟ್ಟು ಕೊಟ್ಟವರು ರಹಮತ್ ಭಾಯಿ. ಸ್ಟ್ಯಾಂಡಿನ ಪಕ್ಕದಲ್ಲಿ ಟೈಲರ್ ಅಂಗಡಿ ಇಟ್ಟಿದ್ದ ಅವರು ನನ್ನ ಹಳೆಯ ಸ್ನೇಹಿತರು. ಅವ್ವನ ರವಿಕೆಗಳನ್ನೆಲ್ಲ ಹೊಲಿದವರು ಅವರೇ.

"ಲಿಂಗಣ್ಣ, ನಿಮ್ಗೆ ಸುಳ್ಳು ಯಾಕೆ ಹೇಳ್ಲಿ, ರಾತ್ರಿ ಅವ್ವಾರು ಬಂದಿದ್ರು. ಇದೇ ಸ್ಟೂಲ್ ಮೇಲೆ ಕೂತ್ಕೊಂಡು, 'ಏನಪ್ಪ ರಹಮತ್ತು, ಕೊನೇ ಸಲ ಹೊಲ್ದ ರವಿಕೆ ಕಂಕುಳ ತಾವ ಬಿಗಿ' ಅಂದ್ರು. ಖುದಾ ಕಸಂ, ಎದ್ದು ಕೂತ್ಬುಟ್ಟೆ!"

ರವಿಕೆಯ ತಕರಾರಿಗೆ ಟೈಲರ್ ಕನಸಿಗೆ ಹೋಗಲು ಪುರುಸೊತ್ತಿದೆ, ಹೊಟ್ಟೆಯಲ್ಲಿ ಹುಟ್ಟಿದ ಮಗನ ಕನಸಿಗೆ ಬರಲು ಇಲ್ಲ! ನನಗೂ ಕನಸುಗಳು ಬೀಳುತ್ತಿದ್ದವು. ಒಂದು ಸಲ ನಮ್ಮ ಮ್ಯಾನೇಜರ್ ಬಂದು ನನ್ನ ಬನಿಯನ್ ಕೇಳಿದರು. ಅವರು ಇನ್ನೂ ಬದುಕಿದ್ದರಿಂದ ಅದನ್ನು ಎಡೆಗಿಡುವ ಪ್ರಸಂಗ ಬರಲಿಲ್ಲ. ಈಗ ನಗುತ್ತಾ ಹೇಳುತ್ತಿದ್ದೇನೆ, ಆಗ ನನಗೆ ಬಹಳ ನೋವಾಗಿತ್ತು. ಅವ್ವನಿಗೆ ನನ್ನ ಮೇಲೆ ಏನಾದರೂ ಬೇಜಾರಿತ್ತೇ? ಬಾಯಿಬಿಟ್ಟು ಹೇಳದೆ ಹೋಗಿಬಿಟ್ಟಳೇ? ಅವಳು ಒಂದೇ ಒಂದು ಸಲ ಬರಬೇಕು, ಅದೂ ಮೊದಲ ಎಡೆಗೆ ಮುಂಚೆ ಬರಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ನನ್ನ ಮುಖ ನೋಡಲಾರದೆ ರಹಮತ್ ಭಾಯಿ, ಗಿರಾಕಿಗಳಿಗೆಂದು ಇಟ್ಟಿದ್ದ ಹಳೆಯ ವಾರಪತ್ರಿಕೆಗಳ ರಾಶಿಯಿಂದ ಒಂದನ್ನು ಎಳೆದರು. ಅದರ ಮನಶ್ಶಾಸ್ತ್ರದ ಪುಟದಲ್ಲಿ ಒಂದು ಲೇಖನವಿತ್ತು. ಕನಸಿನ ಒಳಗಿದ್ದಾಗಲೇ ಇದು ಕನಸು ಎಂದು ನಮಗೆ ಗೊತ್ತಾಗುವಂತೆ ಮಾಡಿಕೊಳ್ಳಬಹುದಂತೆ. ಗೊತ್ತಾಯಿತೋ, ಆಮೇಲೆ ಯಾರನ್ನು ಬೇಕಾದರೂ ಕರೆಸಿಕೊಳ್ಳಬಹುದಂತೆ!

ವಿಧಾನಗಳೂ ಸರಳವಾಗಿದ್ದವು. ಮಲಗುವ ಮುಂಚೆ "ಕನಸಿನಲ್ಲಿ ಇದು ಕನಸೆಂದು ನನಗೆ ತಿಳಿಯುತ್ತದೆ" ಎಂದು ನಿದ್ದೆ ಬರುವವರೆಗೂ ಹೇಳಿಕೊಳ್ಳಬೇಕು. ನೋಡಬೇಕಾದವರ ಮುಖವನ್ನು ಮನಸ್ಸಿನಲ್ಲಿ ತಂದುಕೊಳ್ಳಬೇಕು. ಕೋಳಿ ಕೂಗುವ ಮುಂಚೆ ಅಲಾರಂ ಇಟ್ಟು ಎದ್ದು, ಅದೇ ಸಂಕಲ್ಪದಲ್ಲಿ ಮತ್ತೆ ಮಲಗಬೇಕು. ಹಗಲಿನಲ್ಲಿ ಆಗಾಗ ಪರೀಕ್ಷೆ ಮಾಡಿಕೊಳ್ಳಬೇಕು. ಬಾಯಿ ಮುಚ್ಚಿ, ಮೂಗನ್ನು ಬೆರಳಲ್ಲಿ ಒತ್ತಿ ಹಿಡಿದು ಉಸಿರೆಳೆಯುವುದು. ಉಸಿರು ಕಟ್ಟಿದರೆ ಎಚ್ಚರ, ಸರಾಗವಾಗಿ ಬಂದರೆ ಕನಸು. ಗಡಿಯಾರವನ್ನು ಒಮ್ಮೆ ನೋಡಿ, ಕಣ್ಣು ತೆಗೆದು ಮತ್ತೆ ನೋಡುವುದು. ಹೊತ್ತು ಎತ್ತಲೋ ಹಾರಿದ್ದರೆ ಅದು ಕನಸೇ. ಹಗಲು ರೂಢಿಯಾದದ್ದು ರಾತ್ರಿ ಕನಸಿನಲ್ಲೂ ತಾನಾಗಿ ಬರುತ್ತದೆ ಎಂಬುದು ಲೇಖಕರ ಸಿದ್ಧಾಂತ.

"ಇಷ್ಟೇನಾ!" ಎಂದೆ ನಾನು. ಮನುಷ್ಯ ಮುಗ್ಗರಿಸುವ ಮುಂಚೆ ಸಾಮಾನ್ಯವಾಗಿ ಹೇಳುವ ಮಾತು ಅದು.

ಅಂದು ರಾತ್ರಿ ಕೈಕಾಲು ತೊಳೆದು, ದೇವರಿಗೆ ಕೈಮುಗಿದು, ಚಾಪೆಯ ಮೇಲೆ ನೆಟ್ಟಗೆ ಮಲಗಿ ಸಂಕಲ್ಪ ಆರಂಭಿಸಿದೆ. ಮೈಕಿನ ಅಭ್ಯಾಸವಲ್ಲವೇ, ದನಿ ಸ್ವಲ್ಪ ದೊಡ್ಡದೇ ಆಯಿತು. "ಕನಸಿನಲ್ಲಿ ಇದು ಕನಸೆಂದು ನನಗೆ ತಿಳಿಯುತ್ತದೆ. ಕನಸಿನಲ್ಲಿ ಇದು ಕನಸೆಂದು..."

ಸಾವಿತ್ರಿ ಎದ್ದು ಕೂತಳು. "ಏನ್ರೀ ಇದು? ಯಾರ್ಗೆ ಮಾಟ ಮಾಡ್ತಿದ್ದೀರಿ?"

"ಮಾಟ ಅಲ್ಲ ಕಣೇ, ಮನಶ್ಶಾಸ್ತ್ರ."

"ಯಾವ್ದಾದ್ರೂ ಆಗ್ಲಿ, ಮೆಲ್ಗೆ ಮಾಡಿ. ಬೆಳಿಗ್ಗೆ ನಲ್ಲೀಲಿ ನೀರು ಬತ್ತದೆ, ನಾನ್ ಬೇಗ ಏಳ್ಬೇಕು."

ನಾನು ದನಿ ತಗ್ಗಿಸಿ ಮುಂದುವರಿಸಿದೆ. ಬೆಳಿಗ್ಗೆ ಎದ್ದಾಗ ನನಗೆ ಒಂದು ಕನಸಿನ ಚೂರೂ ನೆನಪಿರಲಿಲ್ಲ. ಒಳ್ಳೆ ಕಲ್ಲುಗುಂಡಿನ ಹಾಗೆ ಬಿದ್ದುಕೊಂಡಿದ್ದೆ. ಸಾವಿತ್ರಿ ಮಾತ್ರ ಕೊಡಪಾನ ಇಳಿಸಿ ಓಡಿ ಬಂದಳು. ಅವಳ ಮುಖ ಅರಳಿತ್ತು.

"ರೀ, ನಂಗೆ ಕನಸು ಬಿತ್ತು. ಇದು ಕನಸು ಅಂತ ಕನಸ್ನಲ್ಲೇ ಗೊತ್ತಾಗ್ಬುಡ್ತು ಕಣ್ರೀ! ಗೊತ್ತಾದ್ಮೇಲೆ ಇನ್ನೇನ್ ಭಯ ಅಂತ, ಅಂಗೇ ಹಾರ್ಕೊಂಡು ಕುಂತಿಬೆಟ್ಟದ ಮೇಲಕ್ಕೆ ಹೋದೆ. ಅಲ್ಲಿ ಅತ್ತೆ ಕೂತಿದ್ರು!"

ನಾನು ಅವಳ ಹತ್ತಿರ ಸರಿದೆ. "ನನ್ನ ಬಗ್ಗೆ ಏನಾದ್ರೂ ಹೇಳಿದ್ಲಾ?"

"ಹೂಂ. 'ಇವ್ನು ಯಾಕವ್ವ ರಾತ್ರೆಲ್ಲ ಗೊಣಗ್ತಾನೆ, ನಿದ್ದೆ ಮಾಡಕ್ಕೆ ಬುಡಾಕಿಲ್ವಲ್ಲ' ಅಂದ್ರು."

ಸಂಕಲ್ಪ ನನ್ನದು, ಸಿದ್ಧಿ ಅವಳದು! ಅವಳು ಕುಂತಿಬೆಟ್ಟಕ್ಕೆ ಹಾರಿದಳೆಂದು ನನಗೆ ಹೊಟ್ಟೆಕಿಚ್ಚಿರಲಿಲ್ಲ, ಆದರೆ ನಮ್ಮವ್ವ ಪಕ್ಕದ ಚಾಪೆಯವರೆಗೆ ಬಂದು ನನ್ನ ಚಾಪೆಗೆ ಬರದೆ ಹೋದಳಲ್ಲ ಎಂದು ದಿನವಿಡೀ ಕೊರಗಿದೆ. ವಿಧಾನವನ್ನು ಅರ್ಧಂಬರ್ಧ ಮಾಡಿದ್ದೇ ತಪ್ಪು ಎಂದು ತೀರ್ಮಾನಿಸಿ, ಅಲಾರಂ ಗಡಿಯಾರ ತಂದೆ. ಅದು ಕೋಳಿಗಿಂತ ಮುಂಚೆ ಹೊಡೆದುಕೊಂಡರೆ ಅಕ್ಕಪಕ್ಕದ ಮನೆಯವರೆಲ್ಲ ನೀರು ಬಂತೆಂದು ಬಿಂದಿಗೆ ಹಿಡಿದು ನಲ್ಲಿಯ ಮುಂದೆ ಸಾಲು ನಿಲ್ಲುತ್ತಿದ್ದರು. ಮತ್ತೆ ಮಲಗಿ ಸಂಕಲ್ಪ ಮಾಡೋಣವೆಂದರೆ ಅವರ ಬೈಗುಳದಲ್ಲಿ ನನಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಹೀಗೆ ಕನಸು ಬರಿಸಿಕೊಳ್ಳುವ ವಿದ್ಯೆಯಿಂದ ನನಗಿದ್ದ ನಿದ್ದೆಯೂ ಹೋಯಿತು.

ಹಗಲಿನ ಪರೀಕ್ಷೆಗಳನ್ನಂತೂ ಬಿಡಲಿಲ್ಲ. ಒಂದೊಂದು ಬಸ್ಸು ಬಂದು ನಿಂತಾಗಲೂ ಒಂದು ಸಲ ಮೂಗು ಹಿಡಿಯುವುದೆಂದು ನಿಯಮ ಮಾಡಿಕೊಂಡೆ. ನಾಗಮಂಗಲದ ಕಂಡಕ್ಟರ್ ಸಹಿ ಹಾಕಿಸಲು ಬಂದು, ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. "ಸಾರ್, ನಾನು ಸ್ನಾನ ಮಾಡ್ಕೊಂಡೇ ಬಂದಿವ್ನಿ" ಎಂದ. ಕಂಟ್ರೋಲರೇ ಮೂಗು ಹಿಡಿದಿದ್ದಾನೆಂದರೆ ಏನೋ ಇರಬೇಕೆಂದು ಬೆಂಚಿನ ಮೇಲಿದ್ದವರು ಸೆರಗು, ಟವೆಲ್ಲು ಮುಖಕ್ಕೆ ಒತ್ತಿಕೊಂಡರು. ನೋಡನೋಡುತ್ತಾ ಇಡೀ ಸ್ಟ್ಯಾಂಡು ಮೂಗು ಹಿಡಿದು ನಿಂತಿತು! ಯಾರೋ ಹೆಗ್ಗಣ ಸತ್ತಿದೆ ಎಂದರು, ಯಾರೋ ಚರಂಡಿ ಕಟ್ಟಿದೆ ಎಂದರು. ಸಂಜೆಗೆ ನನ್ನ ರೂಮಿನ ಸುತ್ತ ಬ್ಲೀಚಿಂಗ್ ಪೌಡರ್ ಹಾಕಿಸಿದರು. ಆಮೇಲೆ ನಿಜವಾಗಿಯೂ ಮೂಗು ಹಿಡಿಯಬೇಕಾಯಿತು.

ಇಷ್ಟಕ್ಕಾದರೂ ನಾನು ನಿಲ್ಲಿಸಿದ್ದರೆ ಆಗುತ್ತಿತ್ತು. ಹಬ್ಬದ ಹಿಂದಿನ ದಿನ ಮಧ್ಯಾಹ್ನ ಊಟ ಮುಗಿಸಿ ಕುರ್ಚಿಯಲ್ಲಿ ಕೂತು ಗೋಡೆ ಗಡಿಯಾರ ನೋಡಿದೆ. ಎರಡು ಗಂಟೆ. ವಿಧಾನದ ಪ್ರಕಾರ ಕಣ್ಣು ತೆಗೆದು, ಒಂದು ಗಳಿಗೆ ಬಿಟ್ಟು ಮತ್ತೆ ನೋಡಿದೆ. ಮೂರು ಗಂಟೆ! ನಡುವೆ ಒಂದು ಗಂಟೆ ಕುರ್ಚಿಯಲ್ಲೇ ತೂಕಡಿಸಿದ್ದೆ ಎಂಬುದು ಹೊಳೆಯುವಷ್ಟು ಬುದ್ಧಿ ಆ ನಿದ್ದೆಗೆಟ್ಟ ತಲೆಯಲ್ಲಿ ಉಳಿದಿರಲಿಲ್ಲ. ಹೊತ್ತು ಹಾರಿದೆ, ಆದ್ದರಿಂದ ಇದು ಕನಸು. ಕನಸಾದ್ದರಿಂದ ಯಾರನ್ನು ಬೇಕಾದರೂ ಕರೆಸಬಹುದು. ಕರೆಸಲು ಮೈಕು ಮುಂದೆಯೇ ಇದೆ!

"ಪ್ರಯಾಣಿಕರ ಗಮನಕ್ಕೆ. ನಿಂಗಮ್ಮನವರು ಎಲ್ಲಿದ್ದರೂ ದಯಮಾಡಿ ಕಂಟ್ರೋಲರ್ ಕೊಠಡಿಯ ಹತ್ತಿರ ಬರಬೇಕು. ಅವ್ವಾ, ನಿನ್ನ ಮಗ ಕಾಯ್ತಾವ್ನೆ, ಬಂದ್ಬುಡವ್ವ."

ನಮ್ಮ ಕಡೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ನಿಂಗಮ್ಮ ಎಂದು ಕೂಗಿದರೆ ಏನಾಗುತ್ತದೆ ಎಂಬುದು ಮಂಡ್ಯ ಸೀಮೆಯಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತಿರಬೇಕು. ಹೊರಡುತ್ತಿದ್ದ ಕೆ.ಆರ್. ಪೇಟೆ ಬಸ್ಸಿನಿಂದ ಒಬ್ಬ ನಿಂಗಮ್ಮ ಇಳಿದರು. ಕಡಲೆಕಾಯಿ ಮಾರುತ್ತಿದ್ದ ನಿಂಗಮ್ಮ ಪುಟ್ಟಿ ಹೊತ್ತು ಬಂದರು. ಹೋಟೆಲಿನ ಒಳಗಿಂದ ಒಬ್ಬರು ಕಾಫಿ ಲೋಟದ ಸಮೇತ ಬಂದರು. "ನನ್ ಮಗುಂಗೆ ಏನಾಯ್ತಪ್ಪ?" "ನನ್ ಮಗ ದುಬೈನಲ್ಲವ್ನೆ, ಇಲ್ಲಿಗ್ಯಾವಾಗ ಬಂದ?" ಕಿಟಕಿಯ ತುಂಬಾ ನಿಂಗಮ್ಮಂದಿರು! ನಾನು ಒಬ್ಬೊಬ್ಬರ ಮುಖವನ್ನೂ ಹುಡುಕಿದೆ. ಒಬ್ಬರೂ ನಮ್ಮವ್ವ ಅಲ್ಲ.

ಕೊನೆಗೆ ತೀರ ಹಣ್ಣಾದ ಮುದುಕಿಯೊಬ್ಬಳು ಕೋಲೂರಿಕೊಂಡು ಬಂದು, "ನಂಗೆ ಮಕ್ಳಿಲ್ಲ ಕಣಪ್ಪ. ಆದ್ರೂ ಕರೀತಾವ್ರಲ್ಲ ಅಂತ ಬಂದೆ" ಎಂದಳು. ನಾನು ಮೂಗು ಹಿಡಿದು ನೋಡಿದೆ. ಉಸಿರು ಕಟ್ಟಿತು. ಎಚ್ಚರವಾಗಿಯೇ ಇದ್ದೆ! ಆ ಅಜ್ಜಿಯ ಕೈ ಹಿಡಿದು ಕರೆದೊಯ್ದು ಮುಂದಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಕೊಡಿಸಿದೆ. ಅವಳು ಮಡಿಲಿಂದ ಒಂದು ಸೀಬೆಹಣ್ಣು ತೆಗೆದು ಕೊಟ್ಟಳು. ಮ್ಯಾನೇಜರ್ ಬಂದು ನನ್ನ ಮುಖವನ್ನೂ ಸೀಬೆಹಣ್ಣನ್ನೂ ನೋಡಿ, "ರಜಾ ಹಾಕಿ ಮನೇಗೆ ಹೋಗಿ ಮಲಕ್ಕೊಳ್ರೀ" ಎಂದರು.

ಮಾರನೆಯ ದಿನ ಹಬ್ಬ. ಶೀಳನೆರೆಯಿಂದ ಅಕ್ಕ, ಹೊಣಕೆರೆಯಿಂದ ಚಿಕ್ಕವ್ವ ಬಂದರು. ಅವ್ವ ಮಲಗುತ್ತಿದ್ದ ಕೋಣೆಯಲ್ಲೇ ಎಡೆ. ಮುದ್ದೆ, ಬಾಡಿನ ಸಾರು, ವಡೆ, ಚಕ್ಕುಲಿ, ತಟ್ಟೆ ತುಂಬ ಕಜ್ಜಾಯ. ಶ್ರೀರಂಗಪಟ್ಟಣದ ಅಂಗಡಿ ಬೀದಿಯೆಲ್ಲ ಸುತ್ತಿ ಅಕ್ಕನ ಪರವಾಗಿ ನಾನು ತಂದಿದ್ದ ಕೆಂಪು ಅಂಚಿನ ಹಸಿರು ಸೀರೆ. ಅದರ ಮೇಲೆ ರಹಮತ್ ಭಾಯಿ ಹೊಲಿದು ತಂದ ಹೊಸ ರವಿಕೆ. "ಕಂಕುಳ ಹತ್ರ ಧಾರಾಳವಾಗಿ ಬಿಟ್ಟಿವ್ನಿ ಲಿಂಗಣ್ಣ, ಇನ್ನು ಅವ್ವಾರು ಕಂಪ್ಲೇಂಟ್ ಮಾಡಲ್ಲ" ಎಂದು ಅವರು ಕಣ್ಣೊರೆಸಿಕೊಂಡರು. ಎಲೆ ಅಡಿಕೆ ಇತ್ತು, ಹೊಗೆಸೊಪ್ಪಿತ್ತು, ಲೋಟದಲ್ಲಿ ಕಾಫಿಯೂ ಇತ್ತು. ಎಲ್ಲರೂ ತಮ್ಮ ತಮ್ಮ ಕನಸಿನ ಬಾಬ್ತನ್ನು ತಂದು ಇಟ್ಟರು. ನಾನು ಬರಿಗೈಯಲ್ಲಿ ನಿಂತಿದ್ದೆ. ನನ್ನನ್ನು ಅವಳು ಏನೂ ಕೇಳಿರಲಿಲ್ಲ.

ಕೈಮುಗಿದು ಎಲ್ಲರೂ ಜಗಲಿಗೆ ಹೊರಟರು. ಎಡೆಯ ಕೋಣೆಯಲ್ಲಿ ಯಾರೂ ಇರಬಾರದು. ಇದ್ದರೆ ಹಿರಿಯರು ನಾಚಿಕೊಂಡು ಉಣ್ಣದೆ ಹೋಗುತ್ತಾರೆ. ನನಗೆ ಅದು ಗೊತ್ತಿತ್ತು. ಆದರೆ ಆ ಲೇಖನದಲ್ಲಿ ಇನ್ನೊಂದು ಮಾತಿತ್ತು: ನೋಡಬೇಕಾದವರ ವಸ್ತುಗಳ ನಡುವೆ, ಅವರ ನೆನಪು ತರುವ ವಾಸನೆಯಲ್ಲಿ ಮಲಗಿದರೆ ಫಲ ಬೇಗ. ಇದಕ್ಕಿಂತ ಒಳ್ಳೆಯ ಜಾಗ ನನಗೆ ಎಲ್ಲಿ ಸಿಗಬೇಕು? ದೀಪದ ಎಣ್ಣೆ ನೋಡುವವನ ಹಾಗೆ ಹಿಂದುಳಿದು, ರಾಗಿ ಡ್ರಮ್ಮಿನ ಹಿಂದೆ ಮುದುರಿ ಕೂತೆ. ಹೊರಗೆ ಬಾಗಿಲು ಎಳೆದುಕೊಂಡರು. ಕಣ್ಣು ಮುಚ್ಚಿ "ಕನಸಿನಲ್ಲಿ ಇದು" ಎನ್ನುವಷ್ಟರಲ್ಲಿ, ಅಷ್ಟು ದಿನ ಸತಾಯಿಸಿದ್ದ ನಿದ್ದೆ ಒಟ್ಟಿಗೇ ಬಂದು ಮೇಲೆ ಬಿತ್ತು.

ಏನೋ ಸದ್ದಿಗೆ ಕಣ್ಣು ಬಿಟ್ಟೆ. ಸಾಂಬ್ರಾಣಿ ಹೊಗೆ. ದೀಪದ ಮಂದ ಬೆಳಕು. ಎಡೆಯ ಮುಂದೆ ಒಂದು ಬಾಗಿದ ಬೆನ್ನು ಕೂತಿತ್ತು. ಬಿಳಿ ತುರುಬು. ಎಡಗೈಯನ್ನು ಮಂಡಿಯ ಮೇಲೆ ಊರಿಕೊಂಡು, ತಲೆ ಸ್ವಲ್ಪ ಓರೆ ಮಾಡಿ ತಿನ್ನುವ ಅವ್ವನದೇ ರೀತಿ. ನನ್ನ ಕೈ ತಾನಾಗಿ ಮೂಗಿಗೆ ಹೋಯಿತು. ಒತ್ತಿ ಹಿಡಿದೆ. ಉಸಿರು ಸರಾಗವಾಗಿ ಬಂತು! ಬೆರಗಿನಿಂದ ಬಾಯಿ ತೆರೆದುಕೊಂಡಿತ್ತು ಎಂಬುದು ಆ ಸಮಯದಲ್ಲಿ ನನಗೆ ಹೇಗೆ ಗೊತ್ತಾಗಬೇಕು?

"ಅವ್ವಾ" ಎಂದೆ.

ಆ ಬೆನ್ನು ಗಕ್ಕನೆ ಸೆಟೆದುಕೊಂಡಿತು. ತಿರುಗಲಿಲ್ಲ.

"ತಿರುಗಬೇಡ ಕಣವ್ವ, ತಿರುಗಿದ್ರೆ ಹೊಂಟೋಗ್ತೀಯ. ಇದು ಕನಸು ಅಂತ ನಂಗೆ ಗೊತ್ತು. ಎಲ್ಲಾರ ಕನಸ್ಗೂ ಹೋದೆ. ಅಕ್ಕನ ತಾವ ಹೋದೆ, ಸಾವಿತ್ರಿ ತಾವ ಹೋದೆ, ರಹಮತ್ ಭಾಯಿ ತಾವ ಹೋಗಿ ರವಿಕೆ ಕೇಳ್ದೆ. ನಾನೇನವ್ವ ಮಾಡ್ದೆ? ನನ್ ತಾವ ಯಾಕವ್ವ ಬರ್ನಿಲ್ಲ? ಸಂಜೆ ಬೋಂಡ ತಗೊಳ್ಳಕ್ಕೆ ಕೈ ಹೋಗ್ತದೆ, ಆಮೇಲೆ ನೆನಪಾಯ್ತದೆ. ಎಲ್ಲಾ ಬಸ್ಸೂ ಹೋದ್ವೇನ್ಲಾ ಅಂತ ಕೇಳೋರೇ ಇಲ್ಲ ಕಣವ್ವ."

ನಾನು ಮಗುವಿನ ಹಾಗೆ ಅಳುತ್ತಿದ್ದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಬಾಯಲ್ಲಿದ್ದದ್ದನ್ನು ನುಂಗಿಕೊಳ್ಳಲು ಅಷ್ಟು ಹೊತ್ತು ಬೇಕಾಗಿತ್ತು ಎಂಬುದು ಆಮೇಲೆ ತಿಳಿದ ವಿಷಯ. ಕೊನೆಗೆ ಅವ್ವನದೇ ದನಿಯಲ್ಲಿ ಮಾತು ಬಂತು.

"ಸತ್ತೋರು ಕನಸ್ಗೆ ಬರೋದು ಏನಾರ ಕೇಳಕ್ಕೆ ಕಣ್ಲಾ ಮಗ. ನಿನ್ ತಾವ ಏನಂತ ಕೇಳಾದು? ಬದ್ಕಿದ್ದಾಗ್ಲೇ ನೀನು ಎಲ್ಲಾನೂ ತಂದು ಕೈಗೆ ಕೊಟ್ಬುಟ್ಟೆ. ದಿನಾ ಬಂದು ಪಕ್ದಲ್ಲಿ ಕುಂತ್ಕೊಂಡೆ. ಏನೂ ಕೊರೆ ಇಲ್ದಿದ್ ಕಡೆ ಬಂದು ಕೇಳಾದು ಎಂಗ್ಲಾ?"

ಅಷ್ಟು ದಿನಗಳಿಂದ ಎದೆಯೊಳಗೆ ಕೂತಿದ್ದ ಕಲ್ಲು ಸರಿದ ಹಾಗಾಯಿತು. ಅವ್ವನಿಗೆ ನನ್ನ ಮೇಲೆ ಬೇಜಾರಿರಲಿಲ್ಲ! ನಾನು ತೆವಳಿಕೊಂಡು ಹತ್ತಿರ ಹೋದೆ.

"ಅಳ್ಬ್ಯಾಡ ಬುಡು" ಎಂದಿತು ದನಿ. "ಆ ತಟ್ಟೆ ಇತ್ಲಾಗ್ ತಳ್ಳು. ಕಜ್ಜಾಯ ಕೈಗೆ ಎಟುಕ್ತಾ ಇಲ್ಲ."

ತಟ್ಟೆ ತಳ್ಳುವುದಕ್ಕೂ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು. ಹೊಸ್ತಿಲಲ್ಲಿ ಅಕ್ಕ, ಸಾವಿತ್ರಿ, ಅವರ ಹಿಂದೆ ರಹಮತ್ ಭಾಯಿ. ಅಕ್ಕ ಆ ಬಾಗಿದ ಬೆನ್ನನ್ನು ನೋಡಿ, "ಅಯ್ಯೋ, ನಮ್ಮವ್ವ ಬಂದವ್ಳೆ!" ಎಂದು ಕಿರುಚಿ ಅಲ್ಲೇ ಕುಸಿದು ಕೂತಳು. ನಾನು ಎದ್ದು ನಿಂತು, ಮೈಕಿನ ಮುಂದಿನ ಗಾಂಭೀರ್ಯದಿಂದ ಕೈಯೆತ್ತಿ ಹೇಳಿದೆ:

"ಯಾರೂ ಗಾಬರಿಯಾಗಬೇಡಿ. ಇದು ಕನಸು. ಎಲ್ಲರೂ ಸಾಲಾಗಿ ಬಂದು ಅವ್ವನನ್ನು ಮಾತಾಡಿಸಬಹುದು!"

ಸಾವಿತ್ರಿ ಸ್ವಿಚ್ ಹಾಕಿದಳು. ಟ್ಯೂಬ್ ಲೈಟು ಮಿಣಮಿಣ ಎಂದು ಹತ್ತಿಕೊಂಡಿತು. ಎಡೆಯ ಮುಂದೆ ಕೂತಿದ್ದವಳು ಹೊಣಕೆರೆಯ ಚಿಕ್ಕವ್ವ. ಎರಡು ಕೈಯಲ್ಲೂ ಕಜ್ಜಾಯ!

"ಚಿಕ್ಕತ್ತೆ! 'ಒಂಚೂರು ಒರಗ್ಕೋತೀನಿ' ಅಂತ ಹಿತ್ಲಿಗೆ ಹೋದೋರು ಇಲ್ಲಿದ್ದೀರಾ? ಸಕ್ರೆ ಕಾಯ್ಲೆ, ಸೀ ಮುಟ್ಬ್ಯಾಡಿ ಅಂದಿಲ್ವಾ ಡಾಕ್ಟ್ರು?" ಎಂದಳು ಸಾವಿತ್ರಿ.

"ನಾನೆಲ್ಲವ್ವ ತಿಂದೆ?" ಎಂದಳು ಚಿಕ್ಕವ್ವ, ಬಾಯಿ ಒರೆಸಿಕೊಳ್ಳುತ್ತಾ. "ಅಡುಗೆಮನೆ ಬಾಗ್ಲಿಂದ ಸುಮ್ನೆ ಬಂದೆ. ನಮ್ಮಕ್ಕನೇ ತಿನ್ನು ಅಂದ್ಲು. ಬದ್ಕಿದ್ದಾಗ್ಲೂ ನಂಗೆ ಕೊಡ್ದೆ ಅವ್ಳು ಒಂದಿನ ಕಜ್ಜಾಯ ತಿಂದೋಳಲ್ಲ."

ಅವ್ವ ಚಿಕ್ಕವ್ವನ ಕನಸಿಗೆ ಹೋಗಿ ಬೆಲ್ಲ ಮುಂದಾದ ಕಜ್ಜಾಯವನ್ನೇ ಯಾಕೆ ಕೇಳಿದ್ದಳೆಂದು ನನಗೆ ಆಗ ಅರ್ಥವಾಯಿತು. ಅಕ್ಕನಿಗೆ ಮಾತ್ರ ದುಃಖ ತಡೆಯಲಿಲ್ಲ. "ಮೊದಲ್ನೇ ಎಡೆ ಕಣ್ಲಾ! ನೀವಿಬ್ರೂ ಒಳ್ಗಿದ್ರಲ್ಲ, ಅವ್ವ ಬಾಗ್ಲ ತನಕ ಬಂದು ವಾಪಸ್ ಹೋಗ್ಬುಟ್ಲೋ ಏನೋ!" ಎಂದು ಅತ್ತಳು. ನಾನು ಭೂಮಿಗಿಳಿದುಹೋದೆ. ಅವಳನ್ನು ನೋಡುವ ಹಂಬಲದಲ್ಲಿ ಅವಳನ್ನೇ ಹಸಿವಿನಲ್ಲಿ ಕಳಿಸಿದೆನಲ್ಲ!

"ಸುಮ್ನಿರೇ" ಎಂದು ಚಿಕ್ಕವ್ವ ಗದರಿದಳು. "ಮಗ ಇದ್ದ ಕ್ವಾಣೆಗೆ ಬರಕ್ಕೆ ಯಾವ ತಾಯಿ ನಾಚ್ಕೊತಾಳೆ? ಉಂಡೇ ಹೋಗವ್ಳೆ. ಏಳು, ಎಲೆ ಹಾಕು, ಎಲ್ರೂ ಹಸಿದವ್ರೆ."

ಬೆಳಿಗ್ಗೆ ಅವಳನ್ನು ಹೊಣಕೆರೆ ಬಸ್ಸಿಗೆ ಹತ್ತಿಸಲು ಹೋದಾಗ ನಾನು ತಲೆ ಎತ್ತಿರಲಿಲ್ಲ. ಬಸ್ಸು ಹೊರಡುವ ಹೊತ್ತಿಗೆ ಅವಳು ಕಿಟಕಿಯಿಂದ ಕೈ ಹಾಕಿ ನನ್ನ ಗಲ್ಲ ಹಿಡಿದಳು. "ನಾನ್ ಹೇಳಿದ್ದು ಸುಳ್ಳಲ್ಲ ಕಣ್ಲಾ. ಬಾಯಲ್ಲಿ ಕಜ್ಜಾಯ ಇತ್ತು ಅಂತ ಮಾತು ಸುಳ್ಳಾಗಕ್ಕಿಲ್ಲ."

ಮನೆಗೆ ಬಂದು, ಹಿಂದಿನ ದಿನದ ಬಾಡಿನ ಸಾರಿನಲ್ಲಿ ಹೊಟ್ಟೆ ತುಂಬ ಮುದ್ದೆ ಉಂಡು, ಮಧ್ಯಾಹ್ನ ಅವ್ವನ ಮಂಚದ ಮೇಲೆ ಸುಮ್ಮನೆ ಉರುಳಿಕೊಂಡೆ. ಸಂಕಲ್ಪವಿಲ್ಲ, ಅಲಾರಂ ಇಲ್ಲ.

ಅವ್ವ ಬಂದಳು. ನಮ್ಮ ಜಗಲಿಯ ಮೇಲೆ ಮೊರದಲ್ಲಿ ಅಕ್ಕಿ ಕೇರುತ್ತಾ ಕೂತಿದ್ದಳು. ಹಸಿರು ಸೀರೆ ಉಟ್ಟಿದ್ದಳು. ರವಿಕೆ ಸರಿಯಾಗಿ ಕೂತಿತ್ತು. ತಲೆ ಎತ್ತಿ, "ಎಲ್ಲಾ ಬಸ್ಸೂ ಹೋದ್ವೇನ್ಲಾ ಮಗ?" ಎಂದಳು.

ಅವ್ವ ತೀರಿಕೊಂಡಿದ್ದಾಳೆ, ಆದ್ದರಿಂದ ಇದು ಕನಸು ಎಂದು ನನಗೆ ಹೊಳೆಯಿತು. ಕನಸಿನಲ್ಲೇ ಹೊಳೆಯಿತು! ಇಡೀ ಲೇಖನದ ಸಾರಾಂಶ ನನ್ನ ಮುಂದೆ ಕೂತು ಅಕ್ಕಿ ಕೇರುತ್ತಿತ್ತು. ಅವಳ ಕೈ ಹಿಡಿಯಬಹುದಿತ್ತು. ತೊಡೆಯ ಮೇಲೆ ತಲೆಯಿಡಬಹುದಿತ್ತು. ಹೂಂ ಕಣವ್ವ, ಎಲ್ಲಾ ಹೋದವು ಎಂದಾದರೂ ಹೇಳಬಹುದಿತ್ತು. ನಾನು ಮಾಡಿದ್ದೇನು? ಖಚಿತಪಡಿಸಿಕೊಳ್ಳಲು ಮೂಗು ಹಿಡಿದೆ!

ಅವ್ವ ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು. "ನೆಗಡಿ ಆಯ್ತೇನ್ಲಾ? ತಲೆ ಸರ್ಯಾಗ್ ಒರೆಸ್ಕೋ ಅಂದ್ರೆ ಕೇಳಾಕಿಲ್ಲ. ಕುಂತಿರು, ಮೆಣಸಿನ ಕಷಾಯ ಕಾಯಿಸ್ಕೊಂಡ್ ಬತ್ತೀನಿ" ಎಂದು ಮಂಡಿಗೆ ಕೈಯೂರಿ ಎದ್ದು ಒಳಗೆ ಹೋದಳು. ನಾನು ಮೂಗು ಹಿಡಿದುಕೊಂಡೇ ನಿಂತಿದ್ದೆ. ಹಾಗೆಯೇ ಎಚ್ಚರವಾಯಿತು.

ಸಾವಿತ್ರಿ ಬಾಗಿಲಲ್ಲಿ ನಿಂತಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. "ಬಂದಿದ್ರಾ? ಏನ್ ಕೇಳಿದ್ರು?"

"ನೆಗಡಿ ಆಯ್ತಾ ಅಂತ ಕೇಳಿದ್ಲು."

ಅವಳು ಬಾಯಿಗೆ ಸೆರಗು ಅಡ್ಡ ಇಟ್ಟು ನಕ್ಕಳು. ಸ್ವಲ್ಪ ಹೊತ್ತಿಗೆ ಆ ಸೆರಗು ಕಣ್ಣಿಗೆ ಹೋಯಿತು. "ತಮ್ಗೆ ಅಂತ ಏನೂ ಕೇಳ್ನಿಲ್ವಾ?"

"ಇಲ್ಲ. ನಂಗೆ ಕಷಾಯ ಕಾಯಿಸ್ತೀನಿ ಅಂತ ಒಳಗೆ ಹೋದ್ಲು."

ಸಾವಿತ್ರಿ ಅಡುಗೆಮನೆಗೆ ಹೋದಳು. ಕುಟ್ಟಾಣಿಯಲ್ಲಿ ಮೆಣಸು ಕುಟ್ಟುವ ಸದ್ದು ಕೇಳಿಸಿತು. ಹೊಗೆಯಾಡುವ ಲೋಟ ತಂದು ನನ್ನ ಕೈಗಿಟ್ಟಳು.

"ನಂಗೆ ನೆಗಡಿನೇ ಇಲ್ಲ ಕಣೇ!"

"ಹಿರೀಕರು ಕನಸ್ನಲ್ಲಿ ಬಂದು ಹೇಳಿದ್ದು ನಡೆಸ್ಲೇಬೇಕು. ಕುಡೀರಿ."

ಲೋಟದ ತುಂಬ ಇದ್ದ ಆ ಕಾರ್ಕೋಟಕ ಕಷಾಯವನ್ನು ತಳದ ಗಸಿಯವರೆಗೂ ಕುಡಿದೆ. ಮೂಗು ಹಿಡಿದುಕೊಂಡು!